ಕಿವಿರು ನೋಡುವವನು

ಇಪ್ಪತ್ತೆರಡು ವರ್ಷ ಭಾವುಚಾ ಧಕ್ಕೆಯಲ್ಲಿ
ಬೆಳಗಿನ ನಾಲ್ಕಕ್ಕೆ ನಿಂತವನು ನಾನು.
ಫೋರ್ಟಿನ ಹೋಟೆಲಿಗೆ ಮೀನು ಆರಿಸುವ ಕೆಲಸ.
ಕಿವಿರು ಎತ್ತಿ ನೋಡುತ್ತೇನೆ,
ಹೊಟ್ಟೆಯ ಮೇಲೆ ಹೆಬ್ಬೆರಳು ಒತ್ತುತ್ತೇನೆ,
ಗುಳಿ ಬಿದ್ದು ಹಾಗೇ ಉಳಿದರೆ ಮುಂದಿನ ಬುಟ್ಟಿ.
ಹೇಳಿದ ಬೆಲೆಗೆ ಇಷ್ಟು ವರ್ಷದಲ್ಲಿ
ಒಂದು ಬಂಗುಡೆಯನ್ನೂ ಕೊಂಡವನಲ್ಲ.
ಕೋಳಿಣಿಯರು ನನಗಿಟ್ಟ ಹೆಸರು
ಇಲ್ಲಿ ಬರೆಯುವಂಥದ್ದಲ್ಲ.

ಅದಕ್ಕೇ ವಾರಿಜ ಹೇಳಿದ್ದು, ನೀವೇ ಹೋಗಿ,
ನಿಮ್ಮ ಕಣ್ಣಿಗೆ ಯಾರು ಮಣ್ಣೆರಚುತ್ತಾರೆ.
ಹತ್ತನೆಯದು ಪಾಸಾದದ್ದಕ್ಕೆ
ಮಗಳು ಪ್ರಣೀತಾ ಕೇಳಿದ್ದು ಇದೊಂದನ್ನೇ.
ಜೋಗೇಶ್ವರಿಯ ಒಂದು ಕೋಣೆಯ ಮನೆಗೆ
ಗಿಡ್ಡ ಕಾಲಿನ ಡ್ಯಾಶ್‌ಹಂಡ್ ಸಾಕೆಂದು
ಮೂವರೂ ನೆಲ ಅಳೆದು ಗೊತ್ತುಮಾಡಿದೆವು.

ಭಾನುವಾರ. ವಿರಾರ್ ಲೋಕಲ್ಲು. ವಸೈಯಲ್ಲಿಳಿದು ಬಸ್ಸು.
ಬಾಳೆತೋಟದ ಓಣಿಯ ಕೊನೆಗೆ ತುಸ್ಕಾನೋ ಮಾಸ್ತರರ ಮನೆ.
ನಿವೃತ್ತಿಯ ಮೇಲೆ ನಾಯಿ ಸಾಕುತ್ತಾರೆ,
ಹಳೆಯ ಹಾಜರಿ ಪುಸ್ತಕದಲ್ಲೇ ಮರಿಗಳ ಲೆಕ್ಕ:
ಹುಟ್ಟಿದ ದಿನ, ತೂಕ, ಹುಳದ ಔಷಧ.
ಐದು ಮರಿ, ಕೊರಳಲ್ಲಿ ಐದು ಬಣ್ಣದ ಉಲ್ಲನ್ ದಾರ.
"ಕೆಂಪು, ಹಳದಿ ಬುಕ್ ಆಗಿವೆ. ನೀಲಿ ನಮಗೇ.
ಉಳಿದದ್ದು ಬಿಳಿ, ಹಸಿರು. ನೋಡಿ, ಅವಸರವಿಲ್ಲ."

ನೆಲಕ್ಕೆ ಕೂತು ಗೊತ್ತಿದ್ದದ್ದನ್ನೆಲ್ಲ ಮಾಡಿದೆ.
ಬಿಳಿಯದನ್ನು ಎತ್ತಿ ಕಿವಿ ಮಡಚಿ ಒಳಗೆ ನೋಡಿದೆ,
ಒಸಡು ನೋಡಿದೆ, ಕೆಂಪಗಿತ್ತು.
ಹೊಟ್ಟೆಯ ಮೇಲೆ ಹೆಬ್ಬೆರಳಿಟ್ಟೆ,
ಒಳಗೆ ಏನೋ ಟಪಟಪ ಅಂದಿತು.
ಕೈ ತೆಗೆದೆ.
ನನ್ನ ಹೆಬ್ಬೆರಳಿಗೆ ಅಂಥದ್ದರ ಅಭ್ಯಾಸವಿಲ್ಲ.

ಬಿಳಿ ದಾರದ್ದು ಚೆಲುವ. ಕರೆದರೆ ಬಂತು,
ಪ್ರಣೀತಾಳ ಚಪ್ಪಲಿ ಕಚ್ಚಿ ಅಂಗಳದವರೆಗೆ ಎಳೆಯಿತು.
ಹಸಿರು ದಾರದ್ದು ಮೂಲೆಯಲ್ಲಿ, ಒಂದು ಕಣ್ಣಲ್ಲಿ ಗೀಜು.
ಧಕ್ಕೆಯಲ್ಲಾದರೆ ಕೇಳುವುದೇ ಬೇಡ,
ಬಿಳಿ ಬುಟ್ಟಿಗೆ, ಹಸಿರು ಹಿಂದಕ್ಕೆ.
ಆದರೆ ಹಸಿರು ಎದ್ದು, ಒಡಹುಟ್ಟಿದವರನ್ನು ತುಳಿದು,
ನೇರ ನನ್ನ ಕೈಗೆ ಮೂಗು ತಂದಿತು.
ಲಿಂಬೆ ತಿಕ್ಕಿ, ಬಟ್ಟೆಸೋಪು ಹಾಕಿ, ಮೂರು ಸಲ ತೊಳೆದ ಕೈ.
ಬಸ್ಸಿನಲ್ಲಿ ಜನ ಸರಿದು ಕೂರುವ ಕೈ.
ಶಾಲೆಯ ಮೀಟಿಂಗಿನಲ್ಲಿ ನಾನು ಜೇಬಿನಲ್ಲಿಡುವ ಕೈ.
ಉಗುರಿನ ಸಂದಿಯಲ್ಲಿ ಇನ್ನೂ ಅಡಗಿದ್ದ ನಿನ್ನೆಯ ಕಾಣೆಮೀನನ್ನು
ಅದು ಹುಡುಕಿ ಹುಡುಕಿ ನೆಕ್ಕತೊಡಗಿತು.
ಪ್ರಣೀತಾ ನಕ್ಕಳು:
"ಆಯ್ತಲ್ಲಪ್ಪ, ನಿಮ್ಮ ಕಿವಿರು ಅದು ನೋಡ್ತು."

ಮಾಸ್ತರರು ಬೆಲೆ ಹೇಳಿದರು.
ಅರ್ಧದ ಮಾತು ನಾಲಿಗೆ ತುದಿಗೆ ಬಂದೇಬಿಟ್ಟಿತ್ತು.
ಗೀಜುಗಣ್ಣು ಅನ್ನಬಹುದಿತ್ತು,
ಮೂಲೆ ಹಿಡಿದ ಮಾಲು ಅನ್ನಬಹುದಿತ್ತು.
ಅಷ್ಟರಲ್ಲಿ ಒಳಗಿನಿಂದ ತಾಯಿ ಬಂತು,
ಮೊಲೆ ಜೋತು ನೆಲ ಸವರುವ ಹೊಟ್ಟೆ.
ನನ್ನ ಮಡಿಲಿನದ್ದನ್ನು ಮೂಸಿತು,
ಮುಖವೆತ್ತಿ ನನ್ನನ್ನು ನೋಡಿತು, ಅಲ್ಲೇ ಕೂತಿತು.
ಅದರ ಎದುರಿಗೇ ಕೂತು, ಅದರ ಮರಿಗೆ,
ಐನೂರು ಬಿಡಿ ಅನ್ನಲು
ಬಾಯಿ ಬರಲಿಲ್ಲ.
ಎಣಿಸಿ ಕೊಟ್ಟೆ. ನೋಟಿಗೂ ಅದೇ ವಾಸನೆ.
ಮಾಸ್ತರರು ಪುಸ್ತಕದಲ್ಲಿ ಹಸಿರಿನ ಮುಂದೆ ಗೀಟೆಳೆದರು.

ಬರುವಾಗ ಸಾಮಾನಿನ ಡಬ್ಬಿ ಹತ್ತಿದೆವು.
ನಾಯ್ಗಾಂವಿನಲ್ಲಿ ಒಣಮೀನಿನ ಗಂಟಿನೊಂದಿಗೆ ಹತ್ತಿದ ಮುದುಕಿ
ನನ್ನ ಬುಟ್ಟಿಯ ಗೋಣಿ ಸರಿಸಿ ಇಣುಕಿ,
ಎಷ್ಟಕ್ಕೆ ಎಂದಳು. ಹೇಳಿದೆ.
ಮೊದಲು ಹೇಳಿದ್ದೋ, ಕೊನೆಗೆ ಹೇಳಿದ್ದೋ?
ಮೊದಲು ಹೇಳಿದ್ದೇ.
ಪಕ್ಕದವಳ ತೊಡೆಗೆ ಹೊಡೆದು ಹೊಡೆದು ನಕ್ಕಳು,
ಬೋರಿವಲಿ ದಾಟಿದರೂ ನಿಲ್ಲಲಿಲ್ಲ.
ನಾಳೆ ಧಕ್ಕೆಗೆ ಈ ಸುದ್ದಿ ನನಗಿಂತ ಮೊದಲು ಮುಟ್ಟಿರುತ್ತದೆ.

ಬುಟ್ಟಿಯೊಳಗೆ ಕೈ ಇಳಿಬಿಟ್ಟು ಕೂತೆ.
ಹೆಬ್ಬೆರಳು ಅದರ ಬಾಯಲ್ಲೇ ಇತ್ತು.
ಹಲ್ಲು ಈಗಷ್ಟೇ ಬಂದಿವೆ,
ಸೂಜಿಯ ಹಾಗೆ.