ನಲವತ್ತೊಂದನೆಯದು

ಗುಲಾಬಿ ಉಲ್ಲನ್ನು ತೀರಿತು. ಕಂದು ಒಂದಿಷ್ಟು ಉಳಿದಿದೆ,
ತೊಟ್ಟಿಗೆ ಅಷ್ಟು ಸಾಕು.
ಇದು ನಾನು ಹೆಣೆಯುತ್ತಿರುವ ನಲವತ್ತೊಂದನೆಯ ಮೊಲೆ.
ಡಂಡೀ ಊರಿನ ನರ್ಸಮ್ಮಗಳು ಇವನ್ನು ಚೀಲಕ್ಕೆ ಹಾಕಿಕೊಂಡು
ಚೊಚ್ಚಲ ಬಾಣಂತಿಯರ ಮನೆಗೆ ಹೋಗುತ್ತಾರೆ:
ಹೀಗೆ ಹಿಡಿ, ಬರೀ ತೊಟ್ಟಲ್ಲ, ಬಾಯಿ ತುಂಬ ಕೊಡು.
ಡೇವಿ ಇದ್ದಿದ್ದರೆ ಟೋಪಿ ಅಂತ ತಲೆಗಿಟ್ಟುಕೊಳ್ಳುತ್ತಿದ್ದ.

ನಾನು ಒಂದು ದಿನವೂ ಕುಡಿಸಿದವಳಲ್ಲ.
ಎಪ್ಪತ್ತೊಂದನೇ ಇಸವಿ. ಸಿಸ್ಟರು ಮಂಚದ ಬಳಿ ಬಂದು
'ಬಾಟಲಿ ತಾನೇ?' ಎಂದಳು. ಅದು ಪ್ರಶ್ನೆಯಾಗಿರಲಿಲ್ಲ.
ಎರಡು ಬಿಳಿ ಮಾತ್ರೆ, ಎದೆಗೆ ಬಿಗಿದ ಬಟ್ಟೆ.
ಮೂರನೆಯ ರಾತ್ರಿ ಕಲ್ಲಾಯಿತು, ವಾರಕ್ಕೆ ಬತ್ತಿತು.
ಸೆಣಬಿನ ಗಿರಣಿಯ ಪಾಳಿ ಕಾದಿತ್ತು.
ಯಾರೂ ಅಳಲಿಲ್ಲ,
ಬಟ್ಟೆಯ ಮೇಲಿನ ಎರಡು ಒದ್ದೆ ಕಲೆ ಬಿಟ್ಟರೆ.

ಮೊಮ್ಮಗಳು ಐಲಿ ಹೆತ್ತ ಹನ್ನೊಂದನೆಯ ದಿನ
ನಸುಕಿನ ಮೂರಕ್ಕೆ ಫೋನು:
'ನ್ಯಾನಾ, ತೊಟ್ಟು ಬಿರಿದು ರಕ್ತ. ಇವಳು ಬಿಡುವುದೇ ಇಲ್ಲ.
ಹಾಲು ಸಾಲದೇನೋ. ಕ್ಯಾಲಮ್ ಡಬ್ಬಿ ತಂದಿಟ್ಟಿದ್ದಾನೆ,
ತೆರೆಯಲಾ?'

ನನಗೇನು ಗೊತ್ತು?
ಗೊತ್ತಿಲ್ಲದವಳು ಟ್ಯಾಕ್ಸಿ ಹಿಡಿದು ಹೋದೆ.
ನೆಲದಲ್ಲಿ ಕೂತಿದ್ದಳು, ಕೂದಲು ಮೂರು ದಿನದ್ದು.
ಬ್ರೆಡ್ಡು ಸುಟ್ಟು ಬೆಣ್ಣೆ ದಂಡಿಯಾಗಿ ಹಚ್ಚಿ ಕೊಟ್ಟೆ.
ಆಮೇಲೆ ಅವಳ ಹಿಂದೆ ಕೂತು
ಬೆನ್ನಿಗೆ ಬೆನ್ನು ಕೊಟ್ಟೆ,
ಒರಗಿದಳು. ಅಷ್ಟೇ. ಬೆಳಗಾಗುವವರೆಗೆ
ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ.

ಒಂಬತ್ತಕ್ಕೆ ಮೊರಾಗ್ ಬಂದಳು, ಚೀಲದಿಂದ ತೆಗೆದಳು
ನನ್ನದೇ ಒಂದನ್ನು: ಅಂಚಿನಲ್ಲಿ ಒಂದು ಹೆಣಿಕೆ ತಪ್ಪಿದ್ದು.
ಮೊದಲು ಗದ್ದ ತಾಗಲಿ, ಬಾಯಿ ಆಕಳಿಸುವಷ್ಟು ತೆರೆಯಲಿ,
ಈಗ, ಹತ್ತಿರಕ್ಕೆ ಎಳೆದುಕೋ.
ಐಲಿಯ ಹೆಗಲು ಕಿವಿಯಿಂದ ಕೆಳಗಿಳಿಯಿತು.
ಗುಟುಕ್.
ಸ್ವಲ್ಪ ತಡೆದು, ಗುಟುಕ್.
ಈ ಸದ್ದನ್ನು ಇಷ್ಟು ಹತ್ತಿರ ನಾನು ಕೇಳಿರಲಿಲ್ಲ.
ಅಡುಗೆಮನೆಗೆ ಹೋಗಿ ಕೆಟಲು ಹಾಕಿದೆ, ಅದು ಕೂಗಲೆಂದು.

ನಿನ್ನೆಗೆ ಐದು ತಿಂಗಳು. ನೀರಿನ ಹನಿಯೂ ಮುಟ್ಟಿಲ್ಲ ಕೂಸು.
ಡಬ್ಬಿ ಸೀಲು ಸಮೇತ ಕಿಟಕಿಯಲ್ಲಿದೆ, ಬಾಗಿಲಿಗೆ ಅಡ್ಡ ಇಡಲು ಒಳ್ಳೆಯ ಭಾರ.
ಬಸ್ಸಿನ ಮೇಲಂತಸ್ತು. ಟೇ ನದಿಯ ಮೇಲೆ ಬಿಸಿಲು.
ಐಲಿ ಕುಡಿಸುತ್ತಿದ್ದಳು. ಎದುರಿನ ಗಂಡಸು
ಪತ್ರಿಕೆಯ ಅಂಚಿನಿಂದ ನೋಡಿ ನೋಡಿ ಕೆಮ್ಮಿದ.
ನಾನು ಹೆಣಿಗೆ ತೆಗೆದೆ,
ಅವನಿಗೂ ಕಾಣುವಂತೆ ಎತ್ತಿ ಹಿಡಿದೆ.
ತೊಟ್ಟಿನ ಸುತ್ತಿಗೆ ಬಂದಿದ್ದೆ.
ಅವನು ಮುಂದಿನ ಸ್ಟಾಪಿನಲ್ಲೇ ಇಳಿದ.