ತಡವಾಗಿ ಕೂಗುವವು

ಟಿಬಿಲಿಸಿಯ ಎಲಿಯಾವಾ ಸಂತೆಯಲ್ಲಿ
ಗೇರ್‌ಬಾಕ್ಸುಗಳ ಸಾಲು ದಾಟಿ, ಟೈರುಗಳ ಗುಡ್ಡೆಯ ಎಡಕ್ಕೆ
ತಗಡಿನದೊಂದು ಗೂಡು, ಅದು ನನ್ನದು.
ಫ್ಯೂಸು, ಬಲ್ಬು, ಮೊಸಳೆಬಾಯಿಯ ಕ್ಲಿಪ್ಪು, ಮೀಟರು.
ಬಂದವರೆಲ್ಲ ಕೇಳುವುದು ಒಂದೇ:
"ಅನ್ಜೋರ್, ಅಗ್ಗದ್ದು ಯಾವುದು?"

ಆ ಮಂಗಳವಾರ ಬಂದವಳು ಹಾಗೆ ಕೇಳಲಿಲ್ಲ.
ಅರವತ್ತರ ಆಚೀಚೆ, ಬೂದು ಕೋಟು, ಮೋಟು ಉಗುರು.
ಹೆಸರು ಲಮಾರಾ. ಕಸುಬು ಪಿಯಾನೊಗಳಿಗೆ ಶ್ರುತಿ ಕೂಡಿಸುವುದು.
ಹಳೆಯ ಓಪೆಲ್ ಹತ್ತಿ ಶಾಲೆಯಿಂದ ಶಾಲೆಗೆ ಅಲೆಯುತ್ತಾಳೆ.
"ಮೂರು ದಿನ ನಿಲ್ಲಿಸಿದರೆ ನಾಲ್ಕನೆಯ ಬೆಳಗಿಗೆ ಬ್ಯಾಟರಿ ಹೆಣ.
ಹೊಸದು ಹಾಕು ಅಂದರು, ಹಾಕಿಸಿದೆ, ಅದೂ ಸತ್ತಿತು.
ಏನೋ ಒಂದು ರಾತ್ರಿಯಿಡೀ ಕದ್ದು ಕುಡಿಯುತ್ತಿದೆ.
ನನ್ನ ಹತ್ತಿರ ನಲವತ್ತು ಲರಿ ಇದೆ."
ಸಂಕೋಚವಿರಲಿಲ್ಲ. ಗಂಟೆ ಎಷ್ಟೆಂದು ಹೇಳಿದ ಹಾಗೆ ಹೇಳಿದಳು.

ನಾನು ಮೊದಲು ಇಟ್ಟದ್ದು ನೂರಾ ಎಂಬತ್ತರದ್ದು. ಅಭ್ಯಾಸ.
ದ್ರಾಕ್ಷಾರಸದ ಲೋಟದ ಮೇಲೆ ಅಂಗೈ ಮುಚ್ಚಿ
ಸಾಕು ಎನ್ನುವವರ ಹಾಗೆ ಅದನ್ನು ಸರಿಸಿದಳು.

ಹನ್ನೆರಡು ಲರಿಯ ಹಳದಿ ಮೀಟರು, ಆಟಿಕೆಯಷ್ಟು ಹಗುರ.
"ಇದರ ಹತ್ತು ಆಂಪಿಯರಿನ ತೂತಿಗೆ ಫ್ಯೂಸಿಲ್ಲ," ಎಂದೆ.
ಯಾಕೆ ಹೇಳಿದೆನೋ. ಹೇಳದೆಯೇ ಮುನ್ನೂರು ಮಾರಿದವನು ನಾನು.
"ಕೈ ತಪ್ಪಿ ಬ್ಯಾಟರಿಯ ಎರಡೂ ತುದಿಗೆ ತಾಗಿಸಿದಿರೋ,
ಮೊದಲು ತಂತಿ ಸುಡುತ್ತದೆ, ಆಮೇಲೆ ಬೆರಳು."
ಅವಳು ಬೆರಳು ನೋಡಿಕೊಂಡಳು. ಹಳದಿ ಒಳಗೆ ಹೋಯಿತು.
ಇಕ್ಕಳದ ಹಾಗೆ ಬಾಯಿ ತೆರೆಯುವುದನ್ನು ಎತ್ತಿದಳು. ಚೆಂದವಿತ್ತು.
"ಅದು ಮನೆಯ ಕರೆಂಟಿಗೆ. ನಿಮ್ಮ ಕಾರಿನ ಮಾತು ಅದಕ್ಕೆ ಕೇಳಿಸದು."

ಉಳಿದದ್ದು ಎರಡು: ಬೂದು ಇಪ್ಪತ್ತೆಂಟಕ್ಕೆ, ಕೆಂಪು ಮೂವತ್ತೈದಕ್ಕೆ.
ಎರಡಕ್ಕೂ ಫ್ಯೂಸಿದೆ. ನನ್ನ ಬ್ಯಾಟರಿಗೆ ಹಿಡಿದರೆ
ಒಂದು ಹನ್ನೆರಡು ಪಾಯಿಂಟ್ ಆರು ಒಂದು ಎಂದಿತು,
ಇನ್ನೊಂದು ಐದು ಎಂಟು.
"ಯಾವುದು ನಿಜ?"
"ಕಾರಿಗೆ ಅಷ್ಟು ನಿಜ ಬೇಕಾಗಿಲ್ಲ."
ನಕ್ಕಳು. "ಹಾಗಾದರೆ ಕೂಗಿಸು."

ಗುಂಡಿ ತಿರುಗಿಸಿದೆ. ಕಡ್ಡಿಗೆ ಕಡ್ಡಿ ತಾಗಿಸಿದೆ.
ಅವಳು ಕಣ್ಣು ಮುಚ್ಚಿದಳು. ಪಕ್ಕದಲ್ಲಿ ಯಾರೋ ಸೈಲೆನ್ಸರು ಬಡಿಯುತ್ತಿದ್ದರು.
ಬೂದು ಮೀಟರು ಸುಮ್ಮನಿತ್ತು, ಇತ್ತು, ಆಮೇಲೆ ಪೀಂ.
ಕೆಂಪಿನದು ತಾಗಿದ್ದೇ ಪೀಂ.
"ಬೂದು ಯೋಚಿಸಿ ಕೂಗುತ್ತದೆ," ಎಂದಳು.
"ಮುರುಕು ತಂತಿ ಅಲುಗಾಡಿಸುವಾಗ
ಅದು ಬಾಯಿ ಬಿಡುವಷ್ಟರಲ್ಲಿ ತಂತಿ ಮತ್ತೆ ಬಿಟ್ಟುಕೊಂಡಿರುತ್ತದೆ.
ಕೆಂಪು ಕೊಡು. ಸ್ವರ ಒಂದು ಕೂದಲು ಇಳಿದಿದೆ, ಹೋಗಲಿ."
ಹನ್ನೊಂದು ವರ್ಷದಿಂದ ಮಾರುತ್ತಿದ್ದೇನೆ,
ಯಾವುದಕ್ಕೂ ನಾನು ಕಿವಿ ಕೊಟ್ಟಿರಲಿಲ್ಲ.
ಮಿಕ್ಕ ಐದು ಲರಿಗೆ ಎರಡು ಫ್ಯೂಸು ಒಯ್ದಳು.

ಹತ್ತು ದಿನ ಬಿಟ್ಟು ಮತ್ತೆ ಬಂದಳು.
ನೆಗೆಟಿವ್ ತಂತಿ ಬಿಚ್ಚಿ ನಡುವೆ ಮೀಟರು ಕೂರಿಸಿ
ಕಾರು ನಿದ್ದೆ ಹೋಗಲೆಂದು ಮುಕ್ಕಾಲು ಗಂಟೆ ಕಾದಳಂತೆ.
ಸೊನ್ನೆ ಪಾಯಿಂಟ್ ನಾಲ್ಕು ಮೂರು.
ಮೂರು ತಂತಿಯ ಸ್ವರದಲ್ಲಿ ಎರಡರ ಬಾಯಿಗೆ ಬಟ್ಟೆ ತುರುಕಿ
ಮೂರನೆಯದನ್ನು ಕೇಳುವವಳಿಗೆ
ಒಂದೊಂದೇ ಫ್ಯೂಸು ಕೀಳುವುದು ಹೊಸ ವಿದ್ಯೆಯೇನಲ್ಲ.
ಒಂಬತ್ತನೆಯದಕ್ಕೆ ಅಂಕಿ ಧೊಪ್ಪನೆ ಬಿತ್ತು: ಸೊನ್ನೆ ಎರಡು.

ಸೀಟಿನ ಮುಂದಿನ ಪೆಟ್ಟಿಗೆಯೊಳಗಿನ ಪುಟ್ಟ ದೀಪ!
ಮುಚ್ಚಳ ಹಾಕಿದರೂ ಆರದೆ, ರಾತ್ರಿ ರಾತ್ರಿ
ಒಂದು ಹಿಡಿ ಉಣ್ಣೆಪಟ್ಟಿಗೂ
ಒಣಗಿ ಕಟ್ಟಿಗೆಯಾದ ಒಂದು ಚುರ್ಚ್‌ಖೇಲಾಕ್ಕೂ
ಬೆಳಕು ಹಿಡಿದು ನಿಂತಿತ್ತು.
ಬಲ್ಬನ್ನು ನನ್ನ ಮೇಜಿನ ಮೇಲಿಟ್ಟಳು. "ಇದರದ್ದೇನು ತಪ್ಪು?
ಇನ್ನೂ ಚೆನ್ನಾಗಿದೆ, ಯಾರಿಗಾದರೂ ಕೊಡು."
ಹೊಸ ಬ್ಯಾಟರಿಗೆ ಎಷ್ಟು ಸುರಿದಳೋ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಸಂಜೆ ತಗಡು ಇಳಿಸಿ
ಇದ್ದ ಹತ್ತೊಂಬತ್ತನ್ನೂ ಒಂದೊಂದಾಗಿ ಕೂಗಿಸಿದೆ.
ಏಳು ತಡ.
ಅವನ್ನು ಬೇರೆ ಡಬ್ಬಿಗೆ ಹಾಕಿದ್ದೇನೆ.
ಬೆಲೆ ಇಳಿಸಲೋ, ಹೇಳಿ ಮಾರಲೋ,
ಇನ್ನೂ ತಿಳಿಯುತ್ತಿಲ್ಲ.