ಅಚ್ಚಿನ ಮೊಳೆ

ಎಲೆಕ್ಷನ್ ಮುಗಿದು ಹದಿನೆಂಟು ದಿನಕ್ಕೆ
ಮುಂಡರಗಿ ಠಾಣೆಯಿಂದ ಬಂದೂಕು ಬಿಡಿಸಿಕೊಂಡು
ನೆಟ್ಟಗೆ ಬೆಟಗೇರಿಯ ನಮ್ಮ ಮನೆಗೆ ಬಂದ ಭಾವ, ಈರನಗೌಡ.
ಗೋಣಿತಟ್ಟಿನಲ್ಲಿ ಸುತ್ತಿ ತಂದಿದ್ದ, ಕೂಸಿನ ಹಾಗೆ.
"ಹೆಸರು ಎರಡೆಲಿ ಬಿಟ್ಟೇತಿ. ಚಿಗರಿ ಇಳಿಯೂದರಾಗ
ಒಂದಿಷ್ಟು ಗುಂಡು ಎರಕ ಹೊಯ್ದು ಕೊಡು.
ನಿನ್ನ ಕಡೆ ಸೀಸ ಐತಲ್ಲ."

ಇತ್ತು.
ಅಚ್ಚುಕೂಟ ಮುಚ್ಚಿದಾಗ ಬಾಕಿ ಸಂಬಳಕ್ಕೆ ಮಾಲೀಕರು ಕೊಟ್ಟದ್ದು
ಎರಡು ಕೇಸು, ಹನ್ನೆರಡು ಪಾಯಿಂಟಿನ ಕನ್ನಡ.
ಮಂಚದ ಕೆಳಗೆ ಇಪ್ಪತ್ತೆರಡು ವರ್ಷ.
ಕಸಬರಿಗೆ ತಾಗಿದಾಗಲೆಲ್ಲ ನನ್ನಾಕೆ ಬೈಯುತ್ತಿದ್ದಳು,
ಅಷ್ಟೇ ಅದರ ಬಳಕೆ.

ಮೊದಲು ಹಾಕಿದ್ದು ೞ, ಱ.
ನನ್ನ ಮೂವತ್ತೊಂದು ವರ್ಷದ ದುಡಿಮೆಯಲ್ಲಿ
ಒಂದು ಪದಕ್ಕೂ ಕರೆ ಬಾರದೆ
ಮೂಗು ಸವೆಯದೆ ಹೊಸದಾಗಿಯೇ ಕೂತಿದ್ದವು.
ಆಮೇಲೆ ಒತ್ತಕ್ಷರ, ಅಂಕಿ, ಹೂಬಳ್ಳಿಯ ಅಂಚುಪಟ್ಟಿ.
ಶ್ರೀ ಮಾತ್ರ ಬದಿಗಿಟ್ಟೆ.
ಲಗ್ನಸರಾಯಿಯಲ್ಲಿ ಯಾವಾಗಲೂ ಕಡಿಮೆ ಬೀಳುತ್ತಿದ್ದದ್ದು ಅದು.
ನಗಬೇಡಿ. ಅಭ್ಯಾಸ.

ಅಕ್ಷರ ಒಂದೊಂದಾಗಿ ಕರಗುವುದಿಲ್ಲ.
ಬಹಳ ಹೊತ್ತು ಹಾಗೇ ನಿಂತಿರುತ್ತವೆ, ಕಾದು, ಕನ್ನಡಿಯ ಮುಖ ಹೊತ್ತು;
ಇನ್ನೇನು ಆಗಲಿಕ್ಕಿಲ್ಲ ಅನ್ನುವಾಗ
ಬಾಣಲೆಯ ತುಂಬ ಬರೀ ಹೊಳಪು.
ಮೇಲೆ ಕಟ್ಟಿದ ಕಪ್ಪು ಕೆನೆಯನ್ನು ಸೌಟಿನಲ್ಲಿ ಸರಿಸಿದೆ.
ಸೀಮೆಎಣ್ಣೆ ನಾತ ಬಂತು,
ಆಗಿನ ನನ್ನ ಅಂಗಿಯ ನಾತ.
ಅಚ್ಚಿನಿಂದ ಬಂದದ್ದು ಅಚ್ಚಿಗೇ ಹೋಯಿತು.
ಇಪ್ಪತ್ನಾಲ್ಕು ಗುಂಡು.

ಕಪ್ಪತಗುಡ್ಡದ ಬುಡದಲ್ಲಿ ಪಾಳುಬಿದ್ದ ಕಲ್ಲುಗಣಿ.
ಮಣ್ಣೊಡ್ಡಿಗೆ ಆನಿಸಿದ ಹಲಗೆಗೆ ಬಡಿದದ್ದು
ಯಾವುದೋ ಮದುವೆಯ ಹಳೇ ಪ್ರೂಫು.
'ಅಮಂತ್ರಣ' ಎಂಬಲ್ಲಿ ಮೊದಲಕ್ಷರಕ್ಕೆ ನನ್ನದೇ ಕೆಂಪು ಶಾಯಿಯ ಸುತ್ತು.
"ಅದಕ್ಕ ಗುರಿ ಹಿಡಿ" ಅಂದೆ.
ಐವತ್ತು ಹೆಜ್ಜೆ ಎಣಿಸಿದೆವು. ಭಾವನ ಹೆಜ್ಜೆ ದೊಡ್ಡವು.

ಮೊದಲನೆಯದು ಹಲಗೆಯನ್ನೇ ಮುಟ್ಟಲಿಲ್ಲ.
ಎರಡನೆಯದು ವರನ ಅಜ್ಜನ ಹೆಸರು ಒಯ್ದಿತು.
ಮೂರನೆಯದು ಮುಹೂರ್ತದ ಮಗ್ಗುಲಲ್ಲಿ ಹಾಯ್ದು
ಗಳಿಗೆ ಉಳಿಯಿತು.
ಭಾವ ನಳಿಗೆಯನ್ನು ಬೈದ, ಮದ್ದನ್ನು ಬೈದ,
ಆಮೇಲೆ ನನ್ನ ಮುಖ ನೋಡಿದ.
ಜೇಬಿನಿಂದ ಹಿತ್ತಾಳೆ ಅಳತೆಪಟ್ಟಿ ತೆಗೆದೆ.
"ಸಾಲು ಎಡಕ್ಕ ಜಾರೇತಿ. ಎರಡು ಬೆರಳು ಬಲಕ್ಕ ಹಿಡಿ."

ನಾಲ್ಕನೆಯದು ಕೆಂಪು ಸುತ್ತಿನೊಳಗೆ.
ಹತ್ತಿರ ಹೋಗಿ ನೋಡಿದರೆ 'ಅ' ಇಲ್ಲ,
'ಮಂತ್ರಣ' ಇದೆ.
ಇಪ್ಪತ್ತೆರಡು ವರ್ಷ ತಡವಾಗಿ, ಅರ್ಧ ತಿದ್ದುಪಡಿ.
ಇಬ್ಬರೂ ನಕ್ಕೆವು.

ಐದನೆಯದನ್ನು ಗಜದಿಂದ ಜಡಿಯುತ್ತಿದ್ದ. ಕೇಳಿದೆ:
"ಚಿಗರಿ ಹೆದರಸಾಕ ಬರೇ ಮದ್ದು ಸಾಕಲ್ಲ. ಗುಂಡ್ಯಾಕ?"
ಜಡಿಯುತ್ತಲೇ ಇದ್ದ. ಜಡಿದದ್ದನ್ನೇ ಮತ್ತೆ ಜಡಿದ.
ಹೆಸರಿನ ಹೊಲ ಅವನದು, ಬೀಜದ ಹಣ ಅವನದು,
ಮಾತಾಡುವ ಹಕ್ಕು ನನಗೆಷ್ಟು ಎಂದು ನಾನೂ ಸುಮ್ಮನಾದೆ.

ಆಗ ಕಂಡದ್ದು, ಗಣಿಯ ಮೇಲಂಚಿನಲ್ಲಿ.
ಗಂಡು. ಕಪ್ಪು ಬೆನ್ನು, ತಿರುಚಿದ ಕೊಂಬು.
ನಾಲ್ಕು ಸಪ್ಪಳಕ್ಕೂ ಓಡಿರಲಿಲ್ಲ.
ಯಾರೂ ಕರೆಯದೆ, ಯಾರೂ ಮುಟ್ಟದೆ,
ಒಂಚೂರೂ ಸವೆಯದೆ ನಿಂತಿತ್ತು.
ಭಾವ ನೋಡಿದ. ನಳಿಗೆ ಎಷ್ಟು ಏರಿತೆಂದು ನಾನು ಹೇಳುವುದಿಲ್ಲ.
ತುಂಬಿದ ಬಂದೂಕು ಖಾಲಿಯಾಗಲು ಇದ್ದದ್ದು ಒಂದೇ ದಾರಿ.
ಮಣ್ಣೊಡ್ಡಿಗೆ ಹೊಡೆದ.
ಧೂಳು ಕೂತಾಗ ಮೇಲಂಚಿನಲ್ಲಿ ಬರೀ ಹುಲ್ಲು.

ಸ್ಕ್ರೂಡ್ರೈವರಿನಿಂದ ಕೆದರಿ ಕೆದರಿ ನಾಲ್ಕು ತೆಗೆದೆ,
ಚಪ್ಪಟೆಯಾಗಿದ್ದವು, ಅಡುಗೆಮನೆಯ ಬಿಲ್ಲೆಗಳ ಹಾಗೆ.
ಮೊದಲನೆಯದು ಸಿಗಲಿಲ್ಲ. ೞ ಅದರಲ್ಲೇ ಇರಬೇಕು.

ಉಳಿದ ಹತ್ತೊಂಬತ್ತನ್ನು ತಂಬಾಕಿನ ಡಬ್ಬಿಗೆ ಎಣಿಸಿ ಹಾಕಿದೆ.
"ಸುಗ್ಗಿ ಮುಗಿದ ಮ್ಯಾಲ ಎಣಿಸಿ ವಾಪಸ್ ತಗೋತೀನಿ" ಅಂದೆ.
"ಗುಂಡು ಯಾರರ ವಾಪಸ್ ಕೇಳ್ತಾರೇನಪಾ?"
ಕೇಳುತ್ತಾರೆ.
ಕೆಲಸ ತೀರಿದ ಮೇಲೆ ಮೊಳೆ ಕೇಸಿಗೆ ಮರಳಬೇಕು,
ಪ್ರತಿಯೊಂದೂ, ತನ್ನ ತನ್ನ ಗೂಡಿಗೆ.
ಅಚ್ಚುಕೂಟದಲ್ಲಿ ಹುಡುಗರಿಗೆ ಮೊದಲ ದಿನ ಹೇಳಿಕೊಡುವುದೇ ಇದನ್ನು.